ಕಾಲುವೆ ಕಡೆಯ ಸಸಿ ಮಡಿ

ಜಗಳೂರು
೨೩ ಜುಲೈ ೨೦೨೫, ಬುಧವಾರ

ಪ್ರೀತಿಯ ಕಾಟಕ್ಕನಿಗೆ, ವನಜಾಕ್ಷಿ ಕಾಲು ಮುಟ್ಟಿ ಬರೆಯುವ ಕಾಗದ.

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಪುಷ್ಪಾ ಎಣ್ಣೆ ಹಚ್ಚಿ ತಿಕ್ಕುತ್ತಾಳೋ, ಇಲ್ಲ ನಿನ್ನ ಹಟಕ್ಕೆ ಸೋತು ಸುಮ್ಮನಿದ್ದಾಳೋ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತೀಯೋ, ಇಲ್ಲಿದ್ದಾಗ ಮಾಡುತ್ತಿದ್ದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮರೆತುಬಿಡುತ್ತೀಯೋ? ನ್ಯಾಮತಿ ಕಡೆ ಮಳೆ ಚೆನ್ನಾಗಿದೆಯಂತೆ. ಇಲ್ಲಿ ಮೋಡ ಬರುತ್ತದೆ, ಊರು ನೋಡಿಕೊಂಡು ಹೋಗುತ್ತದೆ. ಆದರೂ ಮೆಕ್ಕೆಜೋಳ ಮೊಳಕಾಲುದ್ದ ಎದ್ದಿದೆ. ನಿನ್ನ ಮೈದುನ ನಿನ್ನೆ ಎಡೆಕುಂಟೆ ಹೊಡೆದು ಬಂದು, ಸೊಂಟ ಹಿಡಿದುಕೊಂಡು ಮಲಗಿದ್ದಾರೆ. ನಿನ್ನ ಕರಿ ಆಡು ಎರಡು ಮರಿ ಹಾಕಿದೆ, ಎರಡೂ ಹೆಣ್ಣು. ಮಾರೋಣವೇ ಎಂದು ಇವರು ಕೇಳಿದರು. ಕಾಟಕ್ಕನನ್ನು ಕೇಳದೆ ಅದರ ಕಿವಿಯನ್ನೂ ಮುಟ್ಟಬೇಡಿ ಎಂದಿದ್ದೇನೆ.

ಈ ಕಾಗದವನ್ನು ನಿನಗೆ ಚೈತ್ರಶ್ರೀಯೇ ಓದಿ ಹೇಳುತ್ತಿರುತ್ತಾಳೆ. ಚೈತ್ರಾ, ಇಪ್ಪತ್ತೈದಕ್ಕೇ ನನ್ನನ್ನು ಚಿಕ್ಕಜ್ಜಿ ಮಾಡಿದವಳೇ, ನನ್ನದೊಂದು ಮಾತು ನಡೆಸಿಕೊಡು. ಇದರಲ್ಲಿ ನನ್ನ ಮರ್ಯಾದೆ ಹೋಗುವಂಥ ಸಂಗತಿ ಇದೆ. ಚಿಕ್ಕಜ್ಜಿಯ ಮಾನ ಉಳಿಸೋಣ ಎಂದು ಯಾವ ಸಾಲನ್ನೂ ಹಾರಿಸಬೇಡ. ನಿಮ್ಮಜ್ಜಿ ನಡುವೆ ಎದ್ದು ಹೊರಟರೆ ಹಿಂದೆಯೇ ಹೋಗಿ ಓದು. ಹಿತ್ತಲಿಗೆ ಹೋದರೆ ಹಿತ್ತಲಿಗೆ ಹೋಗು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ ಅಕ್ಕಾ. ನೀನು ಹೋಗಿ ಎಂಟು ತಿಂಗಳಾಯಿತು, ಎಷ್ಟು ಸಲ ಮಾಡಿದ್ದೇನೆಂದು ನಿನಗೇ ಗೊತ್ತು. ಪ್ರತಿ ಸಲವೂ ಪುಷ್ಪಾ ಎತ್ತಿ, "ಅವ್ವ ಮಲಗೈತೆ ಚಿಗವ್ವ" ಅನ್ನುತ್ತಾಳೆ. ಹಗಲು ಹನ್ನೊಂದು ಗಂಟೆಗೆ ನೀನು ಮಲಗಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನಂತೂ ಕಂಡಿಲ್ಲ. ಬಾಣಂತನದಲ್ಲೂ ಮಲಗಿದವಳಲ್ಲ ನೀನು ಎಂದು ಅತ್ತೆ ಹೇಳುತ್ತಿದ್ದರು. ನನ್ನ ದನಿ ಕೇಳುವುದು ನಿನಗೆ ಬೇಡವಾಗಿದೆ, ಅಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಏಕೆ ಬರೆಯುತ್ತಿದ್ದೇನೆ ಎನ್ನುವುದನ್ನು ಸುತ್ತಿ ಬಳಸಿ ಹೇಳುವುದಿಲ್ಲ: ನಾನು ನಿನಗೆ ಅನ್ಯಾಯ ಮಾಡಿದೆ, ಅದನ್ನು ನೀನು ಹೊಟ್ಟೆಗೆ ಹಾಕಿಕೊಳ್ಳಬೇಕು, ಮತ್ತೆ ಗುಂಪಿಗೆ ಬರಬೇಕು.

ಏನಾಯಿತೆಂದು ನಿನಗೆ ಗೊತ್ತು. ಆದರೆ ನಡೆದದ್ದನ್ನು ನಡೆದ ಹಾಗೆ ನನ್ನ ಬಾಯಿಂದ ನೀನು ಒಮ್ಮೆಯೂ ಕೇಳಿಲ್ಲ. ಚೈತ್ರಾಳಿಗೂ ಗೊತ್ತಿಲ್ಲ, ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಕೇಳು ಚೈತ್ರಾ. ವರ್ಷಕ್ಕೆ ಎರಡು ಸಲ, ಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ, ನಮ್ಮೂರಿನ ಇಪ್ಪತ್ತೊಂದು ಹೆಂಗಸರು ಗುಂಪು ಕಟ್ಟಿಕೊಂಡು ಗಾಡಿ ಮಾಡಿ ತ್ಯಾವಣಿಗೆ ಕಡೆ ಭತ್ತದ ನಾಟಿಗೆ ಹೋಗುತ್ತೇವೆ. ಇಪ್ಪತ್ತು ಇಪ್ಪತ್ತೈದು ದಿನ ಅಲ್ಲೇ ಗದ್ದೆಯವರ ಗೋಡೌನಿನಲ್ಲಿ ಅಡುಗೆ, ಅಲ್ಲೇ ನಿದ್ದೆ. ಗುಂಪಿಗೆ ಮೇಸ್ತ್ರಿ ನಾನು. ಆದರೆ ಗುಂಪು ಕಟ್ಟಿದವಳು ನಿಮ್ಮಜ್ಜಿ. ನಿಮ್ಮಜ್ಜ ಯರ್ರಿಸ್ವಾಮಿ ಭಾವ ತೀರಿಕೊಂಡ ವರ್ಷ ಅವಳೇ ಮನೆ ಮನೆಗೆ ಹೋಗಿ ಹೆಂಗಸರನ್ನು ಕೂಡಿಸಿದಳು. ಆಮೇಲೆ ಒಂದು ದಿನ ನನ್ನನ್ನು ಕರೆದು, "ನಂಗೆ ಕೆಲ್ಸ ಬರ್ತೈತೆ, ಮಾತು ಬರಲ್ಲ. ನೀನು ಎಸ್ಸೆಲ್ಸಿ ಓದೀಯ, ಫೋನ್ ಹಿಡೀತೀಯ, ಗಂಡಸ್ರ ಎದುರು ಬಾಯಿ ಬಿಡ್ತೀಯ. ನೀನೇ ಮುಂದೆ ನಿಂದ್ರು" ಅಂದಳು. ಸಸಿ ಮಡಿಯಲ್ಲಿ ಸಸಿ ಕೀಳಿಸುವ ಉಸ್ತುವಾರಿಯನ್ನು ಮಾತ್ರ ತಾನೇ ಇಟ್ಟುಕೊಂಡಳು. ಬೇರು ಹರಿಯದಂತೆ ಕಿತ್ತು, ಮಣ್ಣು ತೊಳೆದು, ಕಟ್ಟು ಕಟ್ಟುವುದರಲ್ಲಿ ಅವಳ ಕೈಯನ್ನು ಮೀರಿಸಿದವರು ನಮ್ಮಲ್ಲಿ ಇಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಸತೀಶ್ ಕುಮಾರ್ ಅವರ ಗದ್ದೆಗೆ ಹೋದೆವಲ್ಲ ಅಕ್ಕಾ, ರಾತ್ರಿ ನಾವು ಗಾಡಿಯಲ್ಲಿರುವಾಗಲೇ ಅವರು ಫೋನು ಮಾಡಿದ್ದರು. ಎರಡು ಸಸಿ ಮಡಿ ಇವೆ, ಪಂಪ್‌ಸೆಟ್ ಕಡೆಯದು ಬೀಜದ ಭತ್ತದ್ದು, ಅದನ್ನು ದೊಡ್ಡ ಗದ್ದೆಗೆ ನೆಡಿ, ಕಾಲುವೆ ಕಡೆಯದು ಮನೆಯ ಊಟದ್ದು, ಅದನ್ನು ಆಮೇಲೆ ನೋಡೋಣ ಎಂದರು. ನಾನು ಸರಿಯಾಗಿಯೇ ಕೇಳಿಸಿಕೊಂಡೆ. "ಆತ್ರೀ, ಆತ್ರೀ" ಅಂದೆ. ಬೆಳಗ್ಗೆ ಮಡಿಯ ಹತ್ತಿರ ನಿಂತಾಗ ಯಾವುದು ಯಾವುದೆಂದು ಮರೆತುಹೋಗಿತ್ತು. ಮೇಲೆ ತೊಟ್ಟ ಅಂಗಿಯ ಜೇಬಿನಲ್ಲಿ ಫೋನಿತ್ತು, ಕೇಳಿದರೆ ಅರ್ಧ ನಿಮಿಷದ ಕೆಲಸ. ರಾತ್ರಿ ಹೇಳಿದ್ದನ್ನು ಬೆಳಗ್ಗೆ ಮರೆಯುವ ಮೇಸ್ತ್ರಿ ಅಂದುಕೊಂಡಾರು ಎಂದು ಕೇಳಲಿಲ್ಲ. ಬೀಜಕ್ಕೆ ನೀರು ಹೆಚ್ಚು ಬೇಕು, ಹಾಗಾಗಿ ಕಾಲುವೆ ಕಡೆಯದೇ ಇರಬೇಕು ಎಂದು ನನಗೆ ನಾನೇ ಒಂದು ಲೆಕ್ಕ ಹಾಕಿಕೊಂಡು ನಿನಗೆ ಕಾಲುವೆ ಕಡೆಯಿಂದ ಕೀಳು ಎಂದೆ.

ನೀನು ಒಂದು ಕಟ್ಟು ಕಿತ್ತು ಎದ್ದು ನಿಂತೆ. "ವನಜಾ, ಇದ್ರ ಬುಡ ಕೆಂಪಗೈತೆ ಕಣೆ. ಬೀಜದ್ದು ಹಿಂಗಿರಲ್ಲ, ಒಂದ್ಸಲ ಕೇಳು" ಅಂದೆ. ನಾನು ಏನಂದೆನೋ ಅದನ್ನೂ ಬರೆಯುತ್ತೇನೆ. "ಹೇಳಿದಷ್ಟು ಮಾಡಕ್ಕ, ಹೊತ್ತು ಹೋಗ್ತೈತೆ" ಅಂದೆ. ಹತ್ತೊಂಬತ್ತು ಜನರ ಎದುರು, ನನ್ನನ್ನು ಮುಂದೆ ನಿಲ್ಲಿಸಿದವಳಿಗೆ ಹಾಗಂದೆ. ಪಕ್ಕದಲ್ಲಿ ಸುಂಕಲಮ್ಮ ಇದ್ದಳು, ಅವಳು ತಲೆ ಎತ್ತಿ ನೋಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನೀನು ಮತ್ತೆ ಬಗ್ಗಿ ಕೀಳತೊಡಗಿದೆ. ಎರಡು ದಿನದಲ್ಲಿ ದೊಡ್ಡ ಗದ್ದೆ ಪೂರಾ ನೆಟ್ಟು ಮುಗಿಸಿದೆವು.

ನಾಟಿ ಮಾಡಿದ ಗದ್ದೆಯಲ್ಲಿ ತಪ್ಪು ಕಾಣುವುದಿಲ್ಲ, ಅಲ್ಲವೇ ಅಕ್ಕಾ? ಎಲ್ಲವೂ ಹಸಿರು. ತೆನೆ ಬಂದಾಗಲೇ ಗುಟ್ಟು ಬಯಲಾಗುವುದು. ಅಕ್ಟೋಬರಿನಲ್ಲಿ ಬೀಜದ ಗದ್ದೆಯ ಬೆರಕೆ ಗಿಡ ಕೀಳಲು ಅದೇ ಗುಂಪು ಬೇಕೆಂದು ಅವರು ಕರೆಸಿದರು. ಬದುವಿನ ಮೇಲೆ ನಿಂತು ನೋಡಿದರೆ ಕೀಳುವುದಕ್ಕೇನಿದೆ, ಗದ್ದೆಗೆ ಗದ್ದೆಯೇ ಬೇರೆ ಭತ್ತ. ಬೀಜ ಕೊಳ್ಳುವ ಕಂಪನಿಯವರು ನೋಡಿ ಬೇಡವೆಂದು ಹೋಗಿಯಾಗಿತ್ತು. ಆ ಕ್ಷಣಕ್ಕೇ ನನಗೆ ಎಲ್ಲ ನೆನಪಾಯಿತು, ಪಂಪ್‌ಸೆಟ್ ಕಡೆಯದು ಎಂದ ಮಾತು, ಕೆಂಪು ಬುಡ, ಎಲ್ಲ. ಸತೀಶಣ್ಣ ಕೇಳಿದ್ದು ಒಂದೇ ಮಾತು, "ಯಾರಮ್ಮ ಸಸಿ ಕೀಳಿಸಿದ್ದು?"

ಸಸಿ ಕೀಳಿಸೋದು ಕಾಟಕ್ಕ ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಇಷ್ಟು ದಿನ ಕಾಪಾಡಿದ್ದು. ನಾನೇನು ಸುಳ್ಳು ಹೇಳಿದೆನೇ, ಕೇಳಿದ್ದಕ್ಕೆ ಉತ್ತರ ಕೊಟ್ಟೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನೀನು ಬಾಯಿ ಬಿಡುತ್ತೀಯೆಂದು ಕಾದೆ. ನಿಜ ಹೇಳಬೇಕೆಂದರೆ, ನೀನು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಹಾಗೆ ಹೇಳಿದೆ. ಅವರು ನಿನಗೆ, "ಕಣ್ಣು ಕಾಣಲ್ಲ ಅಂದ್ರೆ ಮನೇಲಿರ್ಬೇಕಮ್ಮ. ಇನ್ನ ಮ್ಯಾಲೆ ಈಯಮ್ಮನ್ನ ಕರ್ಕಂಡು ಬರಬ್ಯಾಡ್ರಿ" ಅಂದರು. ನೀನು ನನ್ನ ಕಡೆ ಒಂದು ಸಲ ನೋಡಿದೆ. ಆಮೇಲೆ ಹೋಗಿ ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಗಾಡಿಯಲ್ಲಿ ಕೂತೆ. ಅವತ್ತು ಸಂಜೆಯೂ ನೀನು ರೊಟ್ಟಿ ಬಡಿದು ನನಗೆ ಬಿಸಿಬಿಸಿಯಾಗಿ ಹಾಕಿಕೊಟ್ಟೆ, ಕಾರದ ಚಟ್ನಿ ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕಾ. ದೀಪಾವಳಿ ಮುಗಿದ ವಾರಕ್ಕೆ, ಮಂಡಿ ನೋವು, ಮಗಳ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿಗೆ ಬಂದ ನಾನು ಆಗಲೂ ಬಾಯಿ ಬಿಡಲಿಲ್ಲ, ಬಾಳೆಹಣ್ಣು ಕೊಡಿಸಿ ಕಳಿಸಿದೆ. ಎಂಥ ಕಲ್ಲು ಜೀವ ನೋಡು ನನ್ನದು.

ಜನವರಿಯಲ್ಲಿ ನೀನಿಲ್ಲದೆ ಬೇಸಿಗೆ ನಾಟಿಗೆ ಹೋದೆವು. ಗುಂಪು ಒಡೆಯಲಿಲ್ಲ, ಜಗಳವಾಗಲಿಲ್ಲ, ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಆದರೆ ಮೊದಲನೇ ದಿನ ನಾನು ಗದ್ದೆಯವರ ಹತ್ತಿರ ಮಾತಾಡಿ ಬಂದು ಇವತ್ತು ಇಂಥ ಗದ್ದೆ ಎಂದು ಹೇಳಿದರೆ, ಸುಂಕಲಮ್ಮ ತಣ್ಣಗೆ, "ಫೋನ್ ಹಚ್ಚಿ ಸ್ಪೀಕರ್ ಹಾಕಕ್ಕ, ನಾವೂ ಒಂದ್ಸಲ ಕೇಳ್ತೀವಿ" ಅಂದಳು. ಉಳಿದವರು ಸೆರಗು ಸಿಕ್ಕಿಸಿಕೊಂಡು ಕಾದು ನಿಂತರು. ಅವತ್ತಿನಿಂದ ದಿನಾ ಅದೇ. ಯಾವ ಗದ್ದೆ, ಯಾವ ಮಡಿ, ಊಟ ಎಷ್ಟು ಹೊತ್ತಿಗೆ, ಎಲ್ಲವನ್ನೂ ಸ್ಪೀಕರಿನಲ್ಲಿ ಕೇಳಿಯೇ ಕಾಲಿಡುವುದು. ಮೊದಲೆಲ್ಲ ನಾನು ಎದ್ದರೆ ಸಾಕು, ಹಿಂದೆ ಇಪ್ಪತ್ತು ಜೊತೆ ಕಾಲು ಸಪ್ಪಳ ಕೇಳುತ್ತಿತ್ತು. ಒಂದು ದಿನ ಪಾತ್ರೆ ತೊಳೆಯುವಾಗ ಸುಂಕಲಮ್ಮ ಯಾರಿಗೋ ಹೇಳುತ್ತಿದ್ದಳು, "ಒಂದೇ ಒಲೆ ಮುಂದೆ ಉಣ್ಣೋಳನ್ನೇ ಬಿಟ್ಕೊಟ್ಳು, ನಮ್ಮನ್ನ ಬಿಡ್ತಾಳಾ?" ಗೋಡೆಯ ಈಚೆ ನಾನಿದ್ದೆ. ಕೆಮ್ಮಿಬಿಡಬೇಕೆಂದುಕೊಂಡೆ, ಕೆಮ್ಮು ಬರಲಿಲ್ಲ. ಅವಳ ಮಾತಿನಲ್ಲಿ ಕೊಂಕು ಹುಡುಕಲು ಎಷ್ಟು ಒದ್ದಾಡಿದರೂ ಸಿಗಲಿಲ್ಲ.

ಮುಂದೆ ನಿಲ್ಲುವುದು ಎಂದರೆ ಮಾತಾಡುವುದು ಎಂದು ತಿಳಿದಿದ್ದೆ ಅಕ್ಕಾ. ಬೈಗುಳ ಬಂದಾಗಲೂ ಮುಂದೆ ನಿಂತವಳೇ ಅದನ್ನು ಮೊದಲು ತಿನ್ನಬೇಕು ಎನ್ನುವುದು ತಿಳಿದಿರಲಿಲ್ಲ. ನೀನು ಎಷ್ಟೋ ವರ್ಷ ನನ್ನ ಬದಲಿಗೆ ತಿಂದಿದ್ದೀಯ. ನಾನು ಹೊಸದಾಗಿ ಬಂದಾಗ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಕ್ಕೆ ಅತ್ತೆ ಕೂಗಾಡಿದರೆ, ನಾನೇ ಹಾಕಿದ್ದು ಬಿಡಿ ಅತ್ತೆ ಎಂದವಳು ನೀನು. ಅದನ್ನು ನೋಡಿಯೂ ನಾನು ಕಲಿಯಲಿಲ್ಲ.

ಈಗ ಮೊನ್ನೆ ಸೋಮವಾರದ ಸಂಗತಿ. ನಾಟಿಗೆ ಹೊರಡುವ ಮೊದಲು ನಮ್ಮ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ಎಲೆ ಅಡಿಕೆ ಕೊಡುತ್ತೇವಲ್ಲ, ಅದನ್ನು ತೆಗೆದುಕೊಂಡರೆ ಈ ಸಲ ಗುಂಪಿನಲ್ಲಿದ್ದೇನೆಂದು ಮಾತು ಕೊಟ್ಟ ಹಾಗೆ. ನೀನಿದ್ದಾಗಲೆಲ್ಲ ತಟ್ಟೆ ಹಿಡಿಯುತ್ತಿದ್ದುದು ನೀನು. ಈ ಸಲ ನಾನೇ ಹಿಡಿದುಕೊಂಡು ಹೋದೆ. ಸುಂಕಲಮ್ಮ ಕೈ ಚಾಚಲಿಲ್ಲ. "ಮಡಗಿರಕ್ಕ, ಆಮ್ಯಾಲೆ ತಗಂತೀನಿ" ಅಂದಳು. ಪಕ್ಕದವಳೂ ಹಾಗೇ ಅಂದಳು. ಒಬ್ಬೊಬ್ಬರ ಮುಂದೆಯೂ ಬಗ್ಗಿ ಬಗ್ಗಿ ತಟ್ಟೆ ಹಿಡಿದು ಕೊನೆಗೆ ಮುಟ್ಟಿದಾಗ ಒಂದು ಎಲೆಯೂ ಕಡಿಮೆಯಾಗಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಿನ್ನ ಮೈದುನ ಮೆಲ್ಲಗೆ ಒಳಗೆ ಸರಿದುಬಿಟ್ಟರು.

ನಾನು ಕೂತುಕೊಂಡೆ. ಯಾರೂ ಏನೂ ಕೇಳಿರಲಿಲ್ಲ, ಆದರೂ ಫೋನು ತೆಗೆದು ಸತೀಶಣ್ಣನಿಗೆ ಹಚ್ಚಿ ಸ್ಪೀಕರ್ ಹಾಕಿದೆ. ಹೋದ ವರ್ಷ ನೀವು ಪಂಪ್‌ಸೆಟ್ ಕಡೆ ಮಡಿ ಎಂದು ನನಗೆ ಹೇಳಿದ್ದಿರಿ, ನಾನು ಮರೆತೆ, ಕಾಲುವೆ ಕಡೆಯದು ಕೀಳು ಎಂದು ನಾನೇ ಹೇಳಿದೆ, ಬುಡ ಕೆಂಪಗಿದೆ, ಕೇಳು ಎಂದು ಕಾಟಕ್ಕ ಹೇಳಿದ್ದಳು, ನಾನು ಕೇಳಲಿಲ್ಲ, ಆಮೇಲೆ ನಿಮ್ಮೆದುರು ಅವಳ ಹೆಸರು ಹೇಳಿದೆ ಎಂದೆ. ಒಂದೇ ಉಸಿರಿಗೆ ಹೇಳಿದೆ, ನಡುವೆ ನಿಲ್ಲಿಸಿದ್ದರೆ ಮುಗಿಸುತ್ತಿರಲಿಲ್ಲ. ಅವರು, "ಗದ್ದೆ ಹಾಳಾಗಿದ್ದು ಹಾಳಾತು. ನಿನ್ ಮಾತು ಕೇಳಿ ಒಬ್ಳು ಹಿರೇ ಹೆಂಗಸಿಗೆ ಕಣ್ಣು ಕಾಣಲ್ಲ ಅಂದೆನಲ್ಲಮ್ಮ ನಾನು" ಎಂದು ಫೋನಿಟ್ಟರು.

ಹೆಂಗಸರು ಯಾರೂ ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಸುಂಕಲಮ್ಮ ಎದ್ದು ಮಗಳನ್ನು ಕಂಕುಳಿಗೆ ಹಾಕಿಕೊಂಡು, "ಇದನ್ನ ಕಾಟಕ್ಕಂಗೆ ಹೇಳೀಯಾ?" ಅಂದಳು. ಇಲ್ಲ ಎಂದೆ. "ಮೊದ್ಲು ಹೇಳಬೇಕಾಗಿದ್ದು ಅಲ್ಲಿ" ಎಂದು ಹೋದಳು. ಹಿಂದೆಯೇ ಉಳಿದವರೂ ಹೋದರು. ಎಲೆ ತಟ್ಟೆಯಲ್ಲೇ ಬಾಡಿತು. ನಿನ್ನೆ ಇಡೀ ದಿನ ಈ ಕಾಗದವನ್ನು ಬರೆದು ಬರೆದು ಹರಿದೆ. ಮೊದಲನೆಯದರಲ್ಲಿ ನನ್ನ ತಪ್ಪಿಗೆ ಎಂಟು ಕಾರಣ ಬರೆದಿದ್ದೆ, ಓದಿ ನೋಡಿದರೆ ನನಗೇ ನಗು ಬಂತು. ಇದರಲ್ಲಿ ಕಾರಣ ಒಂದೂ ಇಲ್ಲ. ತಪ್ಪು ನನ್ನದು, ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೆ ಅದನ್ನೂ ಒಪ್ಪುತ್ತೇನೆ, ಆದರೆ ಅದು ನನಗೆ ಬಹಳ ಕಷ್ಟ ಅಕ್ಕಾ. ನೀನಿಲ್ಲದ ಈ ಮನೆಯಲ್ಲಿ ಒಬ್ಬಳೇ ಒಲೆ ಮುಂದೆ ಕೂತರೆ ಊಟ ಇಳಿಯುವುದಿಲ್ಲ.

ಪುಷ್ಪಾಳಿಗೂ ಅಳಿಯಂದಿರಿಗೂ ನಾನು ಕೇಳಿದೆನೆಂದು ಹೇಳು. ಚೈತ್ರಾ, ಇಷ್ಟನ್ನೂ ಹಾರಿಸದೆ ಓದಿದ್ದರೆ ನಿನಗೆ ಒಳ್ಳೆಯದಾಗಲಿ, ಪಿಯುಸಿಯಲ್ಲಿ ನಮ್ಮ ಮನೆತನಕ್ಕೇ ಹೆಸರು ತರುವಂತಾಗಲಿ. ಸತೀಶಣ್ಣ ನಿಮ್ಮಜ್ಜಿಯ ನಂಬರು ಕೇಳಿ ತೆಗೆದುಕೊಂಡಿದ್ದಾರೆ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಮಲಗಿದ್ದಾಳೆ ಎನ್ನಬೇಡಿ, ಅವಳ ಕೈಗೇ ಕೊಡಿ. ಅಕ್ಕಾ, ನಿನ್ನ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ, ಮಾತ್ರೆ ಮರೆಯಬೇಡ.

ನಿನ್ನ ಕಿರಿಯಳು,
ವನಜಾಕ್ಷಿ

ಮ.ವಿ.: ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಇನ್ನೇನು ಚೀಲ ಕಟ್ಟುತ್ತಾರೆ. ಮೇಲೆ ಒಂದು ಸುದ್ದಿ ಬರೆಯಲಿಲ್ಲ. ಸತೀಶಣ್ಣ ನಿನ್ನೆ ತಾವೇ ಫೋನು ಮಾಡಿ ನಂಬರು ಕೇಳಿದಾಗ ಇನ್ನೊಂದು ಮಾತೂ ಹೇಳಿದರು. ತಮ್ಮ ಗದ್ದೆಗೆ ಈ ಸಲ ಬೇರೆ ಗುಂಪಿಗೆ ಮಾತು ಕೊಟ್ಟಾಗಿದೆಯಂತೆ. ಹೊನ್ನಾಳಿ ಹತ್ತಿರ ಅವರ ಷಡ್ಡಕನ ಗದ್ದೆಯಿದೆ, ಅದು ಬೀಜದ ನಾಟಿಯೇ, ಕಾಟಮ್ಮ ಮುಂದೆ ನಿಂತು ಮಾಡಿಸಿದರೆ ಮಾತ್ರ ನಮ್ಮ ಗುಂಪಿಗೆ ಕೊಡುವುದು ಎಂದು ಅವರನ್ನು ಒಪ್ಪಿಸಿದ್ದಾರೆ. ಕೆಲಸ ಸಿಗಲಿ ಎಂದು ವನಜಾ ತಪ್ಪೊಪ್ಪಿಕೊಂಡಳು ಎಂದು ನಿನಗೆ ಅನ್ನಿಸಬಾರದು. ಅದಕ್ಕೇ ಈ ನಾಟಿಗೆ ನಾನು ಬರುವುದಿಲ್ಲ, ಇವತ್ತು ಬೆಳಗ್ಗೆ ಎಲ್ಲರಿಗೂ ಹೇಳಿ ಗುಂಪು ಬಿಟ್ಟಿದ್ದೇನೆ. ಆಗಸ್ಟ್ ಒಂದನೇ ತಾರೀಕು ಶುಕ್ರವಾರ ಒಂಬತ್ತು ಗಂಟೆಗೆ ಗಾಡಿ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ, ನ್ಯಾಮತಿಯಿಂದ ಎಂಟರ ಬಸ್ಸಿಗೆ ಹೊರಟರೆ ಸಾಕು. ನನ್ನ ಮುಖ ನೋಡಬೇಕಾಗುತ್ತದೆ ಎಂದು ಹಿಂಜರಿಯಬೇಡ, ನಾನು ಅದರಲ್ಲಿ ಇರುವುದಿಲ್ಲ. ಹೊರಡುವವರ ಮಕ್ಕಳು ಹನ್ನೊಂದು ಜನ, ಅವರನ್ನು ಇಪ್ಪತ್ತು ದಿನ ನಾನು ಇಟ್ಟುಕೊಂಡು ಉಣ್ಣಿಸಿ ಸ್ಕೂಲಿಗೆ ಕಳಿಸುತ್ತೇನೆ ಎಂದೆ. ಯಾರೂ ಹೂಂ ಎನ್ನಲಿಲ್ಲ. ಈಗ ಪೋಸ್ಟ್ ಆಫೀಸಿಗೆ ಬರುವಾಗ ಸುಂಕಲಮ್ಮ ದಾರಿಯಲ್ಲಿ ಎದುರಾದಳು. ಕಾಗದ ಬರೆದೆಯಾ ಎಂದು ಕೇಳಿದಳು, ಕೈಯಲ್ಲಿದ್ದುದನ್ನು ತೋರಿಸಿದೆ. ಅದರಲ್ಲಿ ಏನಿದೆ ಎಂದು ಕೇಳಲಿಲ್ಲ. "ನಮ್ಮ ಸಣ್ಣದು ರಾತ್ರಿ ಹೊದ್ದಿದ್ದು ಒದೀತೈತೆ, ನೋಡ್ಕಬೇಕು ನೀನು" ಅಂದಳು.